ಪಡಸಾಲೆಯ ಮೀನು ಸತ್ತದ್ದು ಯಾಕೆ

ನಮ್ಮ ಮನೆಯ ಮೀನುಗಳಲ್ಲಿ ಮೊದಲು ಸತ್ತದ್ದು ಬಾಲ ಸೀಳಿದ ಕೆಂಪು ಮೀನು. ಬೆಳಗಿನಿಂದ ಅದು ನೀರಿನ ಮೇಲೆ ಬಾಯಿ ಇಟ್ಟು ಗುಟುಕು ಗುಟುಕಾಗಿ ಗಾಳಿ ನುಂಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಒಂದು ಮಗ್ಗುಲಿಗೆ ಒರಗಿತು, ಆಮೇಲೆ ಹೊಟ್ಟೆ ಮೇಲಾಗಿ ತೇಲಿತು. ಮೀನಿಗೆ ರೆಪ್ಪೆ ಇರುವುದಿಲ್ಲವೆಂದು ನನಗೆ ಗೊತ್ತಾದದ್ದೇ ಅವತ್ತು. ಸತ್ತ ಮೇಲೂ ಅದು ನನ್ನನ್ನೇ ನೋಡುತ್ತಿತ್ತು. ಇದನ್ನೆಲ್ಲ ಈಗ ಬರೆಯಲು ಕೂತರೆ ಮೊದಲು ಬರುವುದು ದಣಿವು. ಆಸ್ಪತ್ರೆಯ ಪರೀಕ್ಷಾ ಕೋಣೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಮಂದಿಯ ರಕ್ತ, ಮೂತ್ರ, ಕಫ ನೋಡಿ ಇಂಥದಕ್ಕೆ ಇಂಥ ಕಾರಣ ಎಂದು ಚೀಟಿ ಬರೆದು ಕೊಟ್ಟವಳು ನಾನು. ಚೀಟಿ ಕೈಗೆ ಬಂದ ಮೇಲೂ ಮನೆಯವರು ಒಬ್ಬರ ಮುಖ ಒಬ್ಬರು ನೋಡಿ ‘ಇದು ಯಾರಿಂದ ಬಂತು’ ಎನ್ನುವುದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕಾರಣ ಹುಡುಕುವುದು ಒಂದು ಕೆಲಸ, ತಪ್ಪಿತಸ್ಥರನ್ನು ಹುಡುಕುವುದು ಬೇರೆ ಕೆಲಸ. ಎರಡನೆಯದಕ್ಕೆ ಯಾರೂ ಸಂಬಳ ಕೊಡುವುದಿಲ್ಲ, ಆದರೂ ಎಲ್ಲರೂ ಅದನ್ನೇ ಮೊದಲು ಮಾಡುತ್ತಾರೆ. ನಾನೂ ಮಾಡಿದ್ದೇನೆ. ಆಗ ನನಗೆ ಒಂಬತ್ತು ವರ್ಷ.

ಬಿಜಾಪುರದ ಹಳೆಯ ಕೋಟೆಗೋಡೆಯ ಬದಿಯ ಓಣಿಯಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬಾಗಿಲು ದಾಟಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಅಡುಗೆಮನೆಯ ಮೂಲೆಯಲ್ಲೇ ದೇವರ ಜಗಲಿ, ಆಚೆ ಬಚ್ಚಲು, ಹಿತ್ತಲು. ಪಡಸಾಲೆಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಅದರಿಂದ ಇಳಿಯುವ ಬಿಸಿಲು ಬೆಳಿಗ್ಗೆ ಒಂದು ಗೋಡೆಗೆ, ಸಂಜೆ ಇನ್ನೊಂದು ಗೋಡೆಗೆ ಬೀಳುತ್ತಿತ್ತು. ಆ ಮನೆಯಲ್ಲಿ ಆಗ ಮೂವರೇ ಇದ್ದೆವು. ಅಪ್ಪನ ತಾಯಿ, ಅಂದರೆ ನನ್ನ ಆಯಿ, ಟಪಾಲು ಕಚೇರಿಯಲ್ಲಿ ಕಾರಕೂನನಾಗಿದ್ದ ಅಪ್ಪ, ಮತ್ತೆ ನಾನು. ಅವ್ವ ಜ್ವರದಲ್ಲಿ ತೀರಿಕೊಂಡು ಎರಡು ಬೇಸಿಗೆ ಕಳೆದಿದ್ದವು. ಆಯಿಯ ಕೈ ಸೋತಿತ್ತು, ಅವಳು ಬಡಿದ ರೊಟ್ಟಿ ನಡುವೆ ದಪ್ಪ, ಅಂಚಿಗೆ ಹರುಕು. ನಾವು ಮೂವರೂ ಅದನ್ನು ಶೇಂಗಾ ಹಿಂಡಿಯ ಜೊತೆ ಮಾತಿಲ್ಲದೆ ಮುರಿದು ತಿನ್ನುತ್ತಿದ್ದೆವು. ಯಾರಿಗೂ ಯಾರ ಮೇಲೂ ಸಿಟ್ಟಿರಲಿಲ್ಲ, ಮಾತಾಡಲು ಏನೂ ಇರಲಿಲ್ಲ ಅಷ್ಟೆ.

ಆ ಬೇಸಿಗೆಯಲ್ಲಿ ಅಪ್ಪನಿಗೆ ಎರಡನೆಯ ಮದುವೆ ಗೊತ್ತಾಯಿತು. ಹುಡುಗಿ ಬಬಲೇಶ್ವರದವಳು, ಹೆಸರು ನೀಲವ್ವ. ಸೀರೆ ತರಲು ಸೊಲ್ಲಾಪುರಕ್ಕೆ ಹೋದ ಅಪ್ಪ ಸೀರೆಯ ಗಂಟಿನ ಜೊತೆ ಒಂದು ಗಾಜಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಬಂದ. ಇನ್ನೊಂದು ಕೈಯಲ್ಲಿ ತಗಡಿನ ಡಬ್ಬಿ, ಡಬ್ಬಿಯಲ್ಲಿ ಆರು ಬಂಗಾರ ಮೀನು. ‘ನಿನಗ’ ಎಂದ. ಹೊಸ ತಾಯಿಯನ್ನು ತರುವ ಮೊದಲು ಮಗಳಿಗೆ ಕೊಡುವ ಲಂಚ ಅದು ಎಂದು ನನಗೆ ಗೊತ್ತಾಗದೇ ಇರಲಿಲ್ಲ. ಗೊತ್ತಾದರೂ ತೆಗೆದುಕೊಂಡೆ, ಮೀನು ಅಷ್ಟು ಚೆಂದ ಇದ್ದವು. ಆಯಿ ಮಾತ್ರ ಸೆರಗಿನಿಂದ ಮೂಗು ಮುಚ್ಚಿಕೊಂಡು ಅಡುಗೆಮನೆಯ ಹೊಸ್ತಿಲಲ್ಲೇ ನಿಂತಳು.

"ಲಿಂಗ ಕಟ್ಟೂ ಮನಿಗೆ ಮೀನ ತಂದ್ಯಾ?"

"ತಿನ್ನಾಕಲ್ಲ ಬೇ ಯವ್ವಾ, ನೋಡಾಕ."

"ನೋಡಾಕ ಏನೈತಿ ಅದ್ರಾಗ? ನಿನಗ ತಲಿ ಕೆಟ್ಟೈತಿ."

ತಲೆ ಕೆಟ್ಟಿರಲಿಲ್ಲ, ಖುಷಿಯಾಗಿದ್ದ. ಬೆಳಕಿಂಡಿಯ ಕೆಳಗೆ ಸ್ಟೂಲು ಇಟ್ಟು, ಅದರ ಮೇಲೆ ಪೆಟ್ಟಿಗೆ ಇಟ್ಟು, ನೆರೆಮನೆಯಿಂದ ಬಕೀಟು ಕಡ ತಂದು ನಳದ ನೀರು ತುಂಬಿಸಿ ಒಂದು ದಿನ ಹಾಗೇ ಬಿಟ್ಟು ಮೀನು ಬಿಟ್ಟ. ಅಂಗಡಿಯವನು ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದ. ನಳದ ನೀರು ನೇರ ಹಾಕಬಾರದು, ಒಂದು ದಿನ ಪಾತ್ರೆಯಲ್ಲಿ ನಿಲ್ಲಿಸಿ ಹಾಕಬೇಕು. ಎಂಟು ದಿನಕ್ಕೊಮ್ಮೆ ಅರ್ಧ ನೀರು ತೆಗೆದು ಅರ್ಧ ಹೊಸ ನೀರು ಹಾಕಬೇಕು. ಕಾಗದದ ಮೇಲೆ ಬರೆದದ್ದೆಲ್ಲ ಖರೆ ಎಂದು ನಂಬುವ ಮನುಷ್ಯ ನಮ್ಮಪ್ಪ. ಓಣಿಯ ಹೆಂಗಸರು ಬಂದು ನೋಡಿ, ‘ಜಂಗಮರು ಉಣ್ಣಾಕ ಬಂದ್ರ ಇವನ್ನ ಎಲ್ಲಿ ಮುಚ್ಚಿಡ್ತೀರಿ?’ ಎಂದು ನಗೆಯಾಡಿ ಹೋದರು. ತೊಡಕು ಬಂದದ್ದು ಪಾತ್ರೆಯದು. ಮೀನಿನ ನೀರಿಗೆ ತನ್ನ ಕೊಡ ಕೊಡುವುದಿಲ್ಲ, ಗಡಿಗೆ ಕೊಡುವುದಿಲ್ಲ, ತಂಬಿಗೆ ಸಹ ಮುಟ್ಟಗೊಡುವುದಿಲ್ಲ ಎಂದು ಆಯಿ ಖಂಡಿತ ಹೇಳಿಬಿಟ್ಟಳು.

ಮದುವೆಯಾಗಿ ಚಿಗವ್ವ ಬಂದಳು. ನಮ್ಮ ಕಡೆ ಅಪ್ಪನ ಎರಡನೆಯ ಹೆಂಡತಿಗೆ ಹಾಗೇ ಕರೆಯುವುದು. ನಾನು ಹಾಗೂ ಕರೆಯಲಿಲ್ಲ, ಬಹಳ ದಿನ ಅವಳನ್ನು ಏನೂ ಕರೆಯಲಿಲ್ಲ. ತವರಿನಿಂದ ಒಂದು ಟ್ರಂಕು ಮತ್ತು ಒಂದು ತಾಮ್ರದ ಹಂಡೆ ತಂದಿದ್ದಳು. ಹಂಡೆ ಹೊಸದು, ಅದರ ಕಂಠದ ಮೇಲೆ ಅವಳ ತಾಯಿಯ ಹೆಸರು ಚುಕ್ಕೆ ಚುಕ್ಕೆಯಾಗಿ ಕೆತ್ತಿಸಿತ್ತು. ಬಂದ ಮೂರನೆಯ ದಿನ ಪಾತ್ರೆಯ ಜಗಳ ಕಿವಿಗೆ ಬಿದ್ದು, ತಲೆ ಮೇಲೆ ಸೆರಗು ಎಳೆದುಕೊಂಡು ಹೇಳಿದಳು:

"ಅತ್ತೀ, ನನ್ನ ಹಂಡೇ ಐತಲ್ರಿ. ನೀರ ಅದ್ರಾಗ ತುಂಬಿಡೂಣೇನ್ರಿ?"

ಆಯಿ ಒಪ್ಪಿದಳು, ಆದರೆ ಒಂದು ಕಟ್ಟಳೆ ಹಾಕಿದಳು. ಮೀನಿನ ನೀರು ತುಂಬುವ ಮುಂಚೆ ಹಂಡೆಯನ್ನು ಒಳಗೂ ಹೊರಗೂ ಹುಣಸೆಹಣ್ಣು ಹಚ್ಚಿ ತಿಕ್ಕಬೇಕು, ಶುದ್ಧ ಮಾಡಬೇಕು, ಹಂಗಿದ್ದರೆ ಮಾತ್ರ ಅದು ಅಡುಗೆಮನೆಯ ಹೊಸ್ತಿಲೊಳಗೆ ಬರಬಹುದು. ತಿಕ್ಕುವ ಕೆಲಸ ನನಗೆ ಬಂತು. ಶನಿವಾರ ಸಾಲೆ ಬಿಟ್ಟು ಬಂದವಳೇ ಬಚ್ಚಲಲ್ಲಿ ಕೂತು, ನೆನೆಸಿದ ಹುಣಸೆಹಣ್ಣನ್ನು ಒಳಮೈಗೆಲ್ಲ ಬಳಿದು ಹಾಗೇ ಸ್ವಲ್ಪ ಹೊತ್ತು ಬಿಡುತ್ತಿದ್ದೆ. ಬಿಟ್ಟಷ್ಟೂ ಹೊಳಪು ಬರುತ್ತದೆ. ಆಮೇಲೆ ಒಂದು ತಂಬಿಗೆ ನೀರಿನಲ್ಲಿ ತೊಳೆದಂತೆ ಮಾಡಿ ಇಡುತ್ತಿದ್ದೆ. ನಳ ಬರುವುದು ಸ್ವಲ್ಪ ಹೊತ್ತು, ಅಷ್ಟರಲ್ಲಿ ಮನೆಗೆಲ್ಲ ನೀರು ತುಂಬಬೇಕು, ಚೊಕ್ಕ ತೊಳೆಯಲು ವ್ಯವಧಾನ ಯಾರಿಗಿತ್ತು? ಚಿಗವ್ವ ಹಂಡೆ ತುಂಬಿಸಿ ಬಿಳಿ ಅರಿವೆ ಕಟ್ಟಿ ಇಡುತ್ತಿದ್ದಳು. ರವಿವಾರ ಬೆಳಿಗ್ಗೆ ಅಪ್ಪ ಚೀಟಿ ಎದುರಿಗಿಟ್ಟುಕೊಂಡು ಅರ್ಧ ನೀರು ತೆಗೆದು ಅರ್ಧ ಹಾಕುತ್ತಿದ್ದ. ಮೊದಲ ರವಿವಾರವೇ ಬಾಲ ಸೀಳಿದ ಮೀನು ಹೋಯಿತು.

ಅದನ್ನು ಏನು ಮಾಡುವುದೆಂದು ಯಾರಿಗೂ ಗೊತ್ತಿರಲಿಲ್ಲ. ನಾನು ಹಿತ್ತಲಿನ ನಿಂಬೆಗಿಡದ ಬುಡದಲ್ಲಿ ಸಣ್ಣ ಕುಣಿ ತೋಡಿ, ಅಜ್ಜ ಸತ್ತಾಗ ನೋಡಿದ ನೆನಪಿನಲ್ಲಿ, ಮೀನನ್ನು ಮಣ್ಣಿನ ಗೋಡೆಗೆ ಒರಗಿಸಿ ಕೂಡಿಸಿ, ಹಣೆ ಇರಬಹುದಾದ ಕಡೆ ಈಬತ್ತಿ ಹಚ್ಚಿ ಮಣ್ಣು ಮುಚ್ಚಿದೆ. ಮೀನು ಕೂಡುವುದಿಲ್ಲ, ಜಾರಿ ಜಾರಿ ಬೀಳುತ್ತದೆ. ಎರಡನೆಯದು, ಮೂರನೆಯದು ಸತ್ತಾಗಲೂ ಹಾಗೇ ಮಾಡಿದೆ. ಅಪ್ಪ ಸೊಲ್ಲಾಪುರದ ಅಂಗಡಿಯವನಿಗೆ ಕಾರ್ಡು ಬರೆದ. ನೀರು ಕೆಡುತ್ತಿರಬೇಕು, ಎಂಟು ದಿನಕ್ಕಲ್ಲ, ನಾಲ್ಕು ದಿನಕ್ಕೊಮ್ಮೆ ಬದಲಿಸಿ ಎಂದು ಮರಾಠಿಯಲ್ಲಿ ಉತ್ತರ ಬಂತು. ನಾಲ್ಕು ದಿನಕ್ಕೊಮ್ಮೆ ಬದಲಿಸಿದೆವು. ಉಳಿದ ಮೂರೂ ಒಂದೇ ವಾರದಲ್ಲಿ ಸತ್ತವು. ರೈಲಿನಲ್ಲಿ ಬರುವ ಪರಿಚಯದವರ ಕೈಯಲ್ಲಿ ಅಪ್ಪ ಮತ್ತೆ ಆರು ತರಿಸಿದ. ಈ ಸಲ ಆಯಿ ಪೆಟ್ಟಿಗೆಗೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಚಿಗವ್ವ ಹಂಡೆಗೆ ಬಿಸಿಲು ಬೀಳಲೆಂದು ಅಂಗಳಕ್ಕೆ ತಂದಿಟ್ಟಳು, ಮೀನಿಗೆ ಚಳಿ ಆಗುತ್ತಿರಬೇಕೆಂದು. ನಾನು ಇನ್ನಷ್ಟು ಹುಣಸೆಹಣ್ಣು ಹಚ್ಚಿದೆ, ಹೊಲಸಿನಿಂದ ಸಾಯುತ್ತಿರಬೇಕೆಂದು. ನಮ್ಮ ಕಾಳಜಿ ಹೆಚ್ಚಾದಂತೆಲ್ಲ ಅವು ಬೇಗ ಬೇಗ ಸಾಯತೊಡಗಿದವು. ಕೊನೆಕೊನೆಗೆ ನಾನು ಅವನ್ನು ಕೂಡಿಸುವುದನ್ನೂ ಬಿಟ್ಟೆ, ಎಲ್ಲಕ್ಕೂ ಒಂದೇ ಕುಣಿ ತೋಡುತ್ತಿದ್ದೆ.

ತಿಕೋಟಾದಲ್ಲಿ ದನದ ಡಾಕ್ಟರ್ ಒಬ್ಬರಿದ್ದರು, ಅಪ್ಪನ ಸಾಲೆಯ ಗೆಳೆಯ. ಸಂತೆಗೆಂದೋ ಸರಕಾರದ ಕೆಲಸಕ್ಕೆಂದೋ ಬಿಜಾಪುರಕ್ಕೆ ಬಂದರೆ ನಮ್ಮಲ್ಲೇ ಊಟ. ಒಂದು ರವಿವಾರ ಬಂದವರನ್ನು ಅಪ್ಪ ಕೈಕಾಲು ತೊಳೆಯಲೂ ಬಿಡದೆ ಪೆಟ್ಟಿಗೆಯ ಮುಂದೆ ತಂದು ನಿಲ್ಲಿಸಿದ. ಅವತ್ತು ಬೆಳಿಗ್ಗೆ ನಾಲ್ಕು ಸತ್ತಿದ್ದವು, ಎರಡು ಮೇಲೆ ಬಂದು ಗಾಳಿ ನುಂಗುತ್ತಿದ್ದವು. ಅವುಗಳ ಮೈಮೇಲೆ ಲೋಳೆ ಲೋಳೆ ಬಂದಿತ್ತು. ಡಾಕ್ಟರ್ ಬಗ್ಗಿ ನೋಡಿ ನಕ್ಕರು.

"ನಾ ಎಮ್ಮಿ, ಎತ್ತ, ಕುರಿ ನೋಡಾಂವ. ಇದರ ನಾಡಿ ಎಲ್ಲಿ ಹಿಡೀಲಿ ಮಾರಾಯಾ?"

"ಏನರ ಹೇಳೋ. ಹತ್ತ ಹ್ವಾದೂವು."

ಡಾಕ್ಟರ್ ನಗು ಬಿಟ್ಟು ಸ್ಟೂಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಅವರಿಗೆ ಗೊತ್ತಿದ್ದದ್ದು ಕುರಿಹಿಂಡಿನ ವಿದ್ಯೆ. ಅದನ್ನೇ ಹೇಳಿದರು.

"ನೋಡು, ಹಿಂಡಿನಾಗ ಇವತ್ತೊಂದು, ನಾಡದ ಒಂದು, ಹಿಂಗ ಸತ್ರ ರೋಗ ಅಂತೀವಿ. ಒಮ್ಮಿಗೇ ನಾಕಾರು ಬಿದ್ರ ರೋಗ ಅಲ್ಲ. ಮೇವು ನೋಡಬೇಕು, ನೀರ ನೋಡಬೇಕು. ಇವು ಸಾಯಾಕ ಹತ್ತೂಕಿಂತ ಮೊದಲ ಮನ್ಯಾಗ ಹೊಸಾದು ಏನ ಬಂತು, ಹೇಳು."

ಅಪ್ಪ ತಲೆ ಕೆರೆದುಕೊಂಡ. ಆಯಿ ಹೊಸ್ತಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಒಳಗೆ ಚಿಗವ್ವ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಆ ಬೆಳಿಗ್ಗೆ ಅವಳು ಒಲೆಯ ಮುಂದೆ ನನ್ನ ಅವ್ವನ ಮಣೆ ಹಾಕಿಕೊಂಡು ಕೂತದ್ದನ್ನು ನೋಡಿ ನಾನು ಅರ್ಧ ರೊಟ್ಟಿ ಬಿಟ್ಟು ಎದ್ದು ಬಂದಿದ್ದೆ.

"ಚಿಗವ್ವ ಬಂದಾಳ್ರಿ," ಎಂದೆ.

ಒಳಗಿನ ಸಪ್ಪಳ ನಿಂತಿತು. ಡಾಕ್ಟರಿಗೆ ಬಹಳ ಮುಜುಗರವಾಯಿತು. ‘ಹಂಗಲ್ಲವಾ, ಮೇವು, ನೀರು, ಪಾತ್ರಿ, ಅಂಥಾದ್ದು ಕೇಳಿದ್ನಿ’ ಎಂದು ತಡವರಿಸಿದರು. ಪಾತ್ರೆ ಎಂಬ ಮಾತು ಅವರ ಬಾಯಿಂದ ಅವತ್ತೇ ಬಂದಿತ್ತು, ನಾವು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಯಿ ಮೊರ ಕೆಳಗಿಟ್ಟು, ‘ಕೂಸು ಸುಳ್ಳ ಹೇಳೂದಿಲ್ಲ’ ಎಂದಳು. ನಾನು ಸುಳ್ಳು ಹೇಳಿರಲಿಲ್ಲ, ನಿಜ. ಕೇಳಿದ ಪ್ರಶ್ನೆಗೆ ಲೆಕ್ಕಕ್ಕೆ ಸರಿಯಾದ ಉತ್ತರ ಅದು. ಆದರೆ ಅದನ್ನು ಹೇಳುವಾಗ ನನ್ನ ಮನಸ್ಸಿನಲ್ಲಿ ಮೀನು ಇರಲಿಲ್ಲ. ಈ ವಯಸ್ಸಿನಲ್ಲಿ ಅದನ್ನು ಮುಚ್ಚಿಟ್ಟು ಏನು ಸಿಗಬೇಕಾಗಿದೆ? ಬೇಕೆಂದೇ ಹೇಳಿದ್ದು. ಒಳಗಿಂದ ರೊಟ್ಟಿಯ ಸಪ್ಪಳ ಮತ್ತೆ ಶುರುವಾಯಿತು, ಎಲ್ಲರೂ ಊಟ ಮಾಡಿದೆವು.

ಉಳಿದೆರಡು ಮೀನೂ ಸಂಜೆಗೆ ಸತ್ತವು. ಅಲ್ಲಿಂದ ಆಯಿ ಬದಲಾದಳು. ಅವಳು ಕೆಟ್ಟವಳಾಗಿರಲಿಲ್ಲ, ಇದನ್ನು ಓದುವವರಿಗೆ ಹೇಳಿಬಿಡಬೇಕು. ಹೆದರಿದ್ದಳು. ಸೊಸೆಗೆ ಒಂದು ಬಿರುಸು ಮಾತನ್ನೂ ಆಡಲಿಲ್ಲ. ಅವಳ ಕೈಯ ಊಟ ಉಂಡಳು, ಅವಳಿಂದ ಕಾಲು ಒತ್ತಿಸಿಕೊಂಡಳು. ಆದರೆ ಅಪ್ಪ ಕಚೇರಿಯಿಂದ ಬರುವುದು ತಡವಾದರೆ ಬಾಗಿಲಲ್ಲಿ ನಿಂತುಬಿಡುತ್ತಿದ್ದಳು. ಅಪ್ಪ ಒಂದು ಸಲ ಕೆಮ್ಮಿದರೆ ಅವಳ ಕೈಯ ಕೆಲಸ ನಿಲ್ಲುತ್ತಿತ್ತು. ನೆರೆಮನೆಯ ಹೆಂಗಸಿನ ಮುಂದೆ ಕಟ್ಟೆಯ ಮೇಲೆ ಕೂತು ಹೇಳಿದ್ದನ್ನು ನಾನೇ ಕೇಳಿದೆ.

"ಗಂಡ ಹ್ವಾದ, ಸೊಸಿ ಹ್ವಾದ್ಲು. ಉಳದಾಂವ ಇವನೊಬ್ಬ. ಮೊದಲ ನೀರಾಗಿನ ಜೀವ ಹೋಗಾಕತ್ತಾವ. ಆಮ್ಯಾಲ ಯಾರ ಪಾಳಿ?"

"ಕಾಲಗುಣ ಅಂತೀರೇನ್ರಿ?"

"ನಾ ಏನೂ ಅನ್ನೂದಿಲ್ಲವಾ. ನನಗ ಅಂಜಿಕಿ ಬಂದೈತಿ, ಅಷ್ಟ."

ಶ್ರಾವಣ ಬಂತು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ನಮ್ಮ ಕಡೆಯ ಪದ್ಧತಿ. ಜೋಕಾಲಿ ಆಡಿ, ಉಂಡಿ ತಿಂದು, ಎಂಟು ಹತ್ತು ದಿನಕ್ಕೆ ಗಂಡನ ಮನೆಯವರು ಹೋಗಿ ಕರೆದು ತರುತ್ತಾರೆ. ಚಿಗವ್ವನ ತಮ್ಮ ಬಂದು ಅವಳನ್ನು ಕರೆದುಕೊಂಡು ಹೋದ. ಹೋಗುವಾಗ ಅವಳು ನನ್ನ ತಲೆ ಮುಟ್ಟಲು ಬಂದು ಕೈ ಹಿಂದೆ ತೆಗೆದು, ‘ಕಸ್ತೂರಿ, ಹೊಸಾ ಮೀನ ಬಂದ್ರ ನೀರ ತುಂಬಿಡಾಕ ಮರೀಬ್ಯಾಡ’ ಎಂದಳು. ಹೋಗುವುದರಲ್ಲಿ ಯಾರಿಗೂ ಸಂಶಯ ಬರುವಂಥದ್ದು ಏನೂ ಇರಲಿಲ್ಲ. ಆಯಿ ಮಾಡಿದ್ದು ಇಷ್ಟೇ: ಕರೆಯಲು ಯಾರನ್ನೂ ಕಳಿಸಲಿಲ್ಲ. ಹತ್ತು ದಿನ ಆಯಿತು, ತಿಂಗಳಾಯಿತು. ಕರೆಯದೆ ಬರುವ ಹಾಗಿಲ್ಲ, ಬಂದರೆ ಆ ಮನೆಯ ಮಾನ ಹೋದಂತೆ. ಬಬಲೇಶ್ವರದಿಂದ ಅವಳ ತಂದೆ ಬರೆದ ಕಾರ್ಡು ಟಪಾಲು ಕಚೇರಿಯಲ್ಲಿ ಅಪ್ಪನ ಕೈಗೇ ಬಂತು. ಅಪ್ಪ ಅದನ್ನು ಕೋಟಿನ ಕಿಸೆಯಲ್ಲಿಟ್ಟುಕೊಂಡು ತಿರುಗಾಡಿದ. ತಾಯಿಯ ಮಾತು ಮೀರುವ ಗಂಡಸಲ್ಲ ಅವನು. ಇನ್ನೂ ಸ್ವಲ್ಪ ದಿನ ಹೋದರೆ ಅವಳು ಬಬಲೇಶ್ವರದಲ್ಲೇ ಉಳಿದುಬಿಡುತ್ತಾಳೆ, ಬಿಟ್ಟ ಹೆಂಗಸು ಎನ್ನಿಸಿಕೊಳ್ಳುತ್ತಾಳೆ ಎಂಬುದು ಓಣಿಗೆಲ್ಲ ಗೊತ್ತಿತ್ತು.

ಎಲ್ಲಕ್ಕಿಂತ ಕೆಟ್ಟದ್ದು ಎಂದರೆ, ಮೀನು ಸಾಯುವುದು ನಿಂತುಹೋಯಿತು. ಚಿಗವ್ವ ಹೋದ ದಿನವೇ ಆಯಿ ಅವಳ ಹಂಡೆಯನ್ನು ಅಟ್ಟಕ್ಕೆ ಏರಿಸಿ ಬೋರಲು ಹಾಕಿಸಿದ್ದಳು. ಅಪ್ಪ ಕುಂಬಾರರಿಂದ ಮೀನಿಗೆಂದೇ ಒಂದು ಗಡಿಗೆ ತಂದಿದ್ದ, ಮತ್ತೆ ನಾಲ್ಕು ಮೀನು ತರಿಸಿದ್ದ. ಆ ನಾಲ್ಕೂ ತಿಂದುಕೊಂಡು, ಆಡಿಕೊಂಡು, ದುಂಡಗಾದವು. ಆಯಿ ಬಾಯಿಬಿಟ್ಟು ಏನೂ ಹೇಳಲಿಲ್ಲ, ಹೇಳುವ ಅಗತ್ಯವೇ ಇರಲಿಲ್ಲ. ಅಪ್ಪ ಸಂಜೆ ಬಂದು ಪೆಟ್ಟಿಗೆಯ ಮುಂದೆ ನಿಂತಿರುತ್ತಿದ್ದ. ಅವು ಬದುಕಿದ್ದಕ್ಕೆ ಅವನಿಗೆ ಅವುಗಳ ಮೇಲೆ ಸಿಟ್ಟು ಬಂದಿತ್ತು ಎಂದು ನನಗೆ ಈಗ ಅನ್ನಿಸುತ್ತದೆ. ರೊಟ್ಟಿ ಮತ್ತೆ ದಪ್ಪಗಾಯಿತು. ನನ್ನ ತಲೆಯಲ್ಲಿ ಹೇನು ಬಿದ್ದವು. ಚಿಗವ್ವ ಇದ್ದಾಗ ಕೆಲಸದ ನಡುವೆ ಬಂದು ಗಾಜಿಗೆ ಬೆರಳು ಹಚ್ಚಿ, ‘ಉಂಡ್ರೇನ್ರವಾ?’ ಎಂದು ಮೀನುಗಳನ್ನು ಕೇಳುತ್ತಿದ್ದಳು. ಆ ಮಾತು ಕೇಳದ ಮನೆಯಲ್ಲಿ ಇರುವುದು ನನಗೆ ಕಷ್ಟವಾಗತೊಡಗಿತು. ನನಗೆ ಬೇಕಾದದ್ದೇ ಆಗಿತ್ತು, ಆದರೂ ಸಮಾಧಾನವಿರಲಿಲ್ಲ.

ಮಹಾನವಮಿಗೆ ಮನೆ ಸುಣ್ಣ ಬಳಿಯುವಾಗ ಆ ಗಡಿಗೆ ನನ್ನ ಕೈಯಿಂದ ಜಾರಿ ಒಡೆಯಿತು. ಮರುದಿನ ನೀರು ಬದಲಿಸುವ ದಿನ. ಅಪ್ಪ ಕಚೇರಿಯಲ್ಲಿದ್ದ, ಆಯಿ ಹಿತ್ತಲಲ್ಲಿ ಹಾಸಿಗೆ ಬಿಸಿಲಿಗೆ ಹಾಕುತ್ತಿದ್ದಳು. ಬೈಸಿಕೊಳ್ಳುವ ಅಂಜಿಕೆಗೆ ನಾನು ಅಟ್ಟ ಹತ್ತಿ ಚಿಗವ್ವನ ಹಂಡೆ ಇಳಿಸಿದೆ. ಮಳೆಗಾಲದ ತಂಪಿಗೆ ಅದರ ಒಳಮೈಗೆ ಹಸಿರು ಹಸಿರು ಕಲೆ ಹತ್ತಿದ್ದವು. ಹುಣಸೆಹಣ್ಣು ಹಚ್ಚಿ, ತಿಕ್ಕಿ, ಯಾವಾಗಿನಂತೆ ಒಂದು ತಂಬಿಗೆ ನೀರಿನಲ್ಲಿ ಗಲಬರಿಸಿ, ನಳದ ನೀರು ತುಂಬಿಸಿಟ್ಟೆ. ಬೆಳಿಗ್ಗೆ ಅಪ್ಪ ನೋಡುವ ಮೊದಲೇ ನಾನೇ ಪೆಟ್ಟಿಗೆಗೆ ಹಾಕಿದೆ. ಮಧ್ಯಾಹ್ನಕ್ಕೆ ನಾಲ್ಕೂ ಮೇಲೆ ಬಂದವು. ಬಾಯಿ ತೆರೆದು ತೆರೆದು ಮುಚ್ಚಿ, ಒಂದೊಂದಾಗಿ ಮಗ್ಗುಲಾದವು. ನಾನು ಅಳಲಿಲ್ಲ. ಸ್ಟೂಲಿನ ಮುಂದೆ ಕೂತು ಒಂದೇ ಮಾತು ಯೋಚಿಸುತ್ತಿದ್ದೆ: ಚಿಗವ್ವ ಬಬಲೇಶ್ವರದಲ್ಲಿದ್ದಾಳೆ. ಅವಳು ಈ ಮನೆಯಲ್ಲಿಲ್ಲ. ಆದರೂ ಸತ್ತವು. ಹಂಗಾದರೆ ಅವಳಲ್ಲ. ಆಮೇಲೆ ಎದ್ದು ಹೋಗಿ ಹಂಡೆಯ ತಳದಲ್ಲಿ ಉಳಿದ ನೀರಿಗೆ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡೆ. ಒಗರು, ಹುಳಿ, ಬಾಯಲ್ಲಿ ದುಡ್ಡು ಇಟ್ಟುಕೊಂಡ ಹಾಗೆ. ಓಡಿಹೋಗಿ ಉಗುಳಿ, ಆಯಿಯ ಕೈ ಹಿಡಿದು ಎಳೆದು ತಂದೆ.

"ಆಯೀ, ಈ ನೀರ ನಾಲಿಗಿಗೆ ಹಚ್ಚಿ ನೋಡು."

"ಮೀನ ನೀರ ನಾ ಯಾಕ ಹಚ್ಚಲಿ?"

"ಮೀನ ನೀರಲ್ಲ, ಹಂಡೇದಾಗಿಂದು. ನೋಡು ಬೇ."

ಹಚ್ಚಿ ನೋಡಿದಳು. ಅವಳ ಮುಖ ಆಗ ಹೇಗಾಯಿತೆಂದು ನನಗೆ ಇವತ್ತಿಗೂ ನೆನಪಿದೆ. ಕಲಾಯಿ ಹೋದ ಪಾತ್ರೆಯಲ್ಲಿ ಮಜ್ಜಿಗೆ ಇಡಬಾರದು, ಹುಳಿ ಇಡಬಾರದು, ಇಟ್ಟರೆ ಕಿಲುಬು ಏರಿ ಉಂಡವರು ವಾಂತಿ ಮಾಡಿಕೊಂಡು ಮಲಗುತ್ತಾರೆ ಎಂಬುದನ್ನು ನನಗೆ ಕಲಿಸಿದವಳೇ ಅವಳು. ಓಣಿಗೆ ಕಲಾಯಿಯವನು ಬಂದರೆ ಮೊದಲು ಪಾತ್ರೆ ತೆಗೆದುಕೊಂಡು ಹೋಗುವವಳೂ ಅವಳೇ. ಊಟದ ಹುಳಿಯ ಬಗ್ಗೆ ಇಷ್ಟು ಎಚ್ಚರವಿದ್ದವಳಿಗೆ ತೊಳೆಯುವ ಹುಳಿಯ ನೆನಪು ಬಂದಿರಲಿಲ್ಲ. ಹುಣಸೆಹಣ್ಣು ಎಂದರೆ ಶುದ್ಧ ಮಾಡುವುದು, ಅದು ಕೆಡಿಸುತ್ತದೆ ಎಂದು ಯಾರು ತಿಳಿಯುತ್ತಾರೆ?

"ಕಿಲುಬು," ಎಂದಳು. ಹಂಡೆಯ ಕಂಠದ ಮೇಲಿನ ಹೆಸರಿಗೆ ಬೆರಳಿಟ್ಟು, "ಹಂಡೇ ಅಕೀದ ಅಲ್ಲೇನ?" ಎಂದಳು.

"ಹಂಡೇ ಅಕೀದು. ತಿಕ್ಕಿದಾಕಿ ನಾ. ತಿಕ್ಕು ಅಂದಾಕಿ ನೀ."

ನಾನು ಹಾಗೆ ಆಯಿಗೆ ಎದುರು ಮಾತಾಡಿದ್ದು ಅದೇ ಮೊದಲು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ. ಬಚ್ಚಲ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಆ ಹಂಡೆಯನ್ನೇ ನೋಡಿದಳು. ಅಪ್ಪ ಬಂದ ಮೇಲೆ ಅವನ ಮುಂದೆ ತಪ್ಪಾಯಿತು ಎಂದೇನೂ ಹೇಳಲಿಲ್ಲ, ಆ ಮಾತು ಅವಳ ಬಾಯಿಂದ ಯಾವತ್ತೂ ಬಂದದ್ದಿಲ್ಲ. ರೊಟ್ಟಿ ನೀಡುತ್ತ, ‘ನಾಳೆ ರಜಾ ಹಾಕಿ ಬಬಲೇಶ್ವರಕ್ಕ ಹೋಗಿ ಬಾ, ಈ ಹುಡುಗೀನೂ ಕರಕೊಂಡ ಹೋಗು’ ಎಂದಳು.

ಬಬಲೇಶ್ವರದಲ್ಲಿ ಚಿಗವ್ವನ ತಂದೆಯದು ಸಣ್ಣ ಕಿರಾಣಿ ಅಂಗಡಿ, ಹಿಂದೆಯೇ ಮನೆ. ಅವಳು ನಮ್ಮನ್ನು ನೋಡಿ ನೀರು ಕೊಟ್ಟು ಒಳಗೆ ಹೋದಳು. ಬಡವಾಗಿದ್ದಳು. ಅಪ್ಪ ಅಂಗಡಿಯ ಜಗಲಿಯ ಮೇಲೆ ಕೂತು ಎಲ್ಲವನ್ನೂ ವಿವರಿಸಿದ: ತಾಮ್ರ, ಹುಣಸೆಹಣ್ಣು, ಒಂದು ರಾತ್ರಿ ನಿಂತ ನೀರು, ಹಂಡೆ ಅಟ್ಟದ ಮೇಲಿದ್ದಾಗ ಮೀನು ಬದುಕಿದ್ದು, ಇಳಿಸಿದಾಗ ಸತ್ತದ್ದು. ಕಚೇರಿಯ ವರದಿಯ ಹಾಗೆ ಒಂದೊಂದೇ ಹೇಳಿದ. ಅವಳ ತಂದೆ ಕೇಳಿ ಕೇಳಿ ಕೊನೆಗೆ ಕಣ್ಣೊರೆಸಿಕೊಂಡರು. ತಾಯಿ ಒಳಗಿಂದಲೇ, ‘ಹಂಗಾರ ನಮ್ಮ ಹುಡುಗೀದ ಏನೂ ತಪ್ಪಿಲ್ಲ ಅಂದಂಗಾತು’ ಎಂದಳು. ಎಲ್ಲರಿಗೂ ಹಗುರವಾಯಿತು. ಅಪ್ಪನೂ ಎರಡು ತಿಂಗಳ ಮೇಲೆ ನಕ್ಕ. ಆಗ ಚಿಗವ್ವ ಬಾಗಿಲಿಗೆ ಬಂದು ನಿಂತಳು.

"ಒಂದ ಮಾತ ಕೇಳತೇನಿ, ಸಿಟ್ಟ ಮಾಡ್ಕೋಬ್ಯಾಡ್ರಿ. ಮೀನ ಯಾಕ ಸತ್ವು ಅಂತ ಗೊತ್ತಾತು. ಅದಕ್ಕ ಕರಿಯಾಕ ಬಂದೀರಿ. ನಾಳೆ ಆಕಳ ಸಾಯತೈತಿ ಅಂತ ತಿಳಕೋರಿ. ಅದು ಯಾಕ ಸತ್ತು ಅಂತ ಗೊತ್ತಾಗೂತನಾ ನಾ ಇಲ್ಲೇ ಬಂದ ಕೂಡಬೇಕೇನ್ರಿ?"

ಅಪ್ಪ ತನ್ನ ಟೊಪ್ಪಿಗೆ ತೆಗೆದು ಮೊಳಕಾಲ ಮೇಲಿಟ್ಟುಕೊಂಡ.

"ಇನ್ನ ಮ್ಯಾಲ ಮೀನ ತರೂದಿಲ್ಲ," ಎಂದ.

ಚಿಗವ್ವ ಅವನನ್ನು ಸುಮ್ಮನೆ ನೋಡಿದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಇಷ್ಟೇ ಈ ಮನುಷ್ಯ, ಇವನ ಜೊತೆ ಬಾಳಬೇಕು ಎಂದು ಲೆಕ್ಕ ಹಾಕಿದಂತಿತ್ತು. ‘ಮೀನದ ಮಾತಲ್ರಿ ಇದು’ ಎಂದು ಮೆಲ್ಲಗೆ ಹೇಳಿ, ಒಳಗೆ ಹೋಗಿ ಸೀರೆ ಮಡಿಸಿ ಗಂಟು ಕಟ್ಟತೊಡಗಿದಳು. ಬರದೆ ಇರುವುದಕ್ಕೆ ಅವಳಿಗೆ ದಾರಿ ಇರಲಿಲ್ಲ. ಅದು ಗೊತ್ತಿದ್ದೇ ನಾವೆಲ್ಲ ಅಷ್ಟು ಹಗುರಾಗಿದ್ದೆವು.

ಮಧ್ಯಾಹ್ನದ ಬಸ್ಸಿನಲ್ಲಿ ಅಪ್ಪನಿಗೆ ಮುಂದೆ ಜಾಗ ಸಿಕ್ಕಿತು. ನಾನು, ಚಿಗವ್ವ ಹಿಂದಿನ ಸೀಟಿನಲ್ಲಿ ಗಂಟನ್ನು ನಡುವೆ ಇಟ್ಟುಕೊಂಡು ಕೂತೆವು. ಬಸ್ಸಿನ ತುಂಬ ಸಂತೆಯ ಮಂದಿ, ಅವರ ಚೀಲ, ಒಂದು ಆಡಿನ ಮರಿ. ಆ ಗದ್ದಲದಲ್ಲಿ ಯಾರಿಗೂ ಕೇಳುವುದಿಲ್ಲ ಎಂಬ ಧೈರ್ಯಕ್ಕೆ ನಾನು ಅವಳ ಕಡೆ ತಿರುಗಿದೆ.

"ಅವತ್ತ ಡಾಕ್ಟರ್ ಮುಂದ ನಿನ್ನ ಹೆಸರ ಹೇಳಿದಾಕಿ ನಾ."

"ಗೊತ್ತೈತಿ. ಒಳಗ ಇದ್ನಿ."

"ಹುಣಸಿಹಣ್ಣ ಹಚ್ಚಿದಾಕೀನೂ ನಾ."

"ಅದು ಹಿಂಗಾಕ್ಕೈತಿ ಅಂತ ನಿನಗ ಗೊತ್ತಿರಲಿಲ್ಲ," ಎಂದಳು. "ನನ್ನ ಹೆಸರ ಹೇಳಿದ್ರ ಏನಾಕ್ಕೈತಿ ಅಂತ ಗೊತ್ತಿತ್ತು."

ಅವಳು ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ, ಕಿಟಕಿಯ ಆಚೆ ನೋಡುತ್ತ ಕೂತಳು. ಬಹಳ ದೂರ ಬಂದ ಮೇಲೆ ನಮ್ಮ ನಡುವಿನ ಗಂಟನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು ಹೇಳಿದಳು:

"ಇನ್ನ ಮ್ಯಾಲ ಮನ್ಯಾಗ ಏನರ ಸತ್ರ, ಮೊದಲ ನನ್ನ ಕಡೆ ಬಾ. ಇಬ್ಬರೂ ಕೂಡಿ ನೋಡೂಣ. ಆಮ್ಯಾಲ ನಿನಗ ಬೇಕಾದವರ ಮುಂದ ಹೇಳು."

ಹ್ಞೂಂ, ಎಂದೆ.